ಉಂಡ ಮನೆಯ ಜಂತೆ

'ಇಷ್ಟ ಆಗಲಿಲ್ಲ' ಅನ್ನೋದಕ್ಕೂ 'ನಿರಾಸೆ ಆಯ್ತು' ಅನ್ನೋದಕ್ಕೂ ತುಂಬಾ ವ್ಯತ್ಯಾಸ ಇದೆ. ನನಗೆ ಹಾಗಲಕಾಯಿ ಇಷ್ಟ ಇಲ್ಲ. ಆದರೆ ಹಾಗಲಕಾಯಿಯಿಂದ ನನಗೆ ಯಾವತ್ತೂ ನಿರಾಸೆ ಆಗಿಲ್ಲ. ನಿರಾಸೆ ಆಗಬೇಕು ಅಂದ್ರೆ ಮೊದಲು ಆಸೆ ಇಟ್ಟಿರಬೇಕು.

2014ರ ಅಕ್ಟೋಬರ್‌ನಲ್ಲಿ ಚೇತನ್ ಭಗತ್ ಅವರ 'ಹಾಫ್ ಗರ್ಲ್‌ಫ್ರೆಂಡ್' ಬಂದಾಗ ಅದನ್ನ ಬೈದವರಲ್ಲಿ ಎರಡು ಗುಂಪು ನೋಡಿದೆ. ಒಂದು, ಅಮಿತಾವ್ ಘೋಷ್, ಅರುಂಧತಿ ರಾಯ್ ಓದಿಕೊಂಡವರದ್ದು. ಅವರಿಗೆ ನಿರಾಸೆಯೇನೂ ಆಗಲಿಲ್ಲ, ನಿಜ ಹೇಳಬೇಕಂದ್ರೆ ಖುಷಿಯೇ ಆಯ್ತು. ಪುಸ್ತಕ ಕೆಟ್ಟದಾಗಿರುತ್ತೆ ಅಂತ ಮೊದಲೇ ಗೊತ್ತಿತ್ತು, ಹಾಗೇ ಇತ್ತು, ನಕ್ಕರು, ಮುಗೀತು. ಇನ್ನೊಂದು ಗುಂಪು ನಮ್ಮದು. ಮೊದಲಿಗೆ ಫ್ಲಿಪ್‌ಕಾರ್ಟ್‌ನಲ್ಲಿ ಮಾತ್ರ ಸಿಗುತ್ತೆ ಅಂತ ಗೊತ್ತಾಗಿ ತಿಂಗಳ ಮುಂಚೆಯೇ ಬುಕ್ ಮಾಡಿ, ಬಂದ ದಿನ ಆಫೀಸ್ ಕ್ಯಾಬ್‌ನಲ್ಲೇ ಪೊಟ್ಟಣ ಬಿಚ್ಚಿ ಓದೋಕೆ ಕೂತವರು. (ಈ ಫ್ಲಿಪ್‌ಕಾರ್ಟೂ 2007ರಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ಮಾರ್ತಿದ್ದದ್ದು ಪುಸ್ತಕಗಳನ್ನೇ. ಈಗ ಫ್ರಿಜ್ಜು, ಟೀವಿ ಮಧ್ಯೆ ಪುಸ್ತಕ ಹುಡುಕಬೇಕು.) ಎರಡು ದಿನ ಆದಮೇಲೆ ಕ್ಯಾಂಟೀನ್‌ನಲ್ಲಿ ಸಿಕ್ಕ ಗೆಳೆಯ ಪುಸ್ತಕದ ಬಗ್ಗೆ ಏನೂ ಹೇಳದೆ 'ಯಾಕೋ ಹಿಂಗೆ ಮಾಡ್ಬಿಟ್ಟ' ಅಂದ. ಪಕ್ಕದ ಮನೆ ಅಣ್ಣ ಏನೋ ಮಾಡಬಾರದ್ದು ಮಾಡಿದಾಗ ಹೇಳೋ ಧಾಟಿ ಅದು. ನನ್ನ ತಲೆಯಲ್ಲಿ ಉಳಿದಿರೋದು ಆ ಧಾಟಿಯೇ.

ನಾವು ಅಂದ್ರೆ ಯಾರು ಅಂತ ಹೇಳಬೇಕು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಪಿಯುಸಿಗೆ ಪೇಟೆಗೆ ಬಂದಾಗ 'ದ್ಯುತಿಸಂಶ್ಲೇಷಣೆ' ಫೋಟೋಸಿಂಥೆಸಿಸ್ ಆಯ್ತು, 'ಜಡತ್ವ' ಇನರ್ಷಿಯಾ ಆಯ್ತು, ಮೊದಲ ಟೆಸ್ಟ್‌ನಲ್ಲಿ ಗೊತ್ತಿದ್ದ ಉತ್ತರವೂ ಬರೆಯೋಕಾಗದೆ ಕೂತ್ವಿ. ಹೇಗೋ ಸಿಇಟಿ ಬರೆದು ಬಿಇ ಸೇರಿದಾಗ ಟೆಕ್ಸ್ಟ್‌ಬುಕ್ ಇಂಗ್ಲಿಷ್ ಬರ್ತಿತ್ತು, ಆದರೆ ಇಂಗ್ಲಿಷಿನಲ್ಲಿ ಯಾರಾದ್ರೂ ಕಥೆ ಹೇಳಿದ್ರೆ ಅರ್ಥ ಆಗುತ್ತೆ ಅನ್ನೋ ನಂಬಿಕೆ ಇರಲಿಲ್ಲ. 2004ರಲ್ಲಿ ಬಂದ 'ಫೈವ್ ಪಾಯಿಂಟ್ ಸಮ್‌ಒನ್' ನಮ್ಮ ಹಾಸ್ಟೆಲ್ ತಲುಪಿದ್ದು ಹೀಗಿದ್ದಾಗ. ಬೆಲೆ 95 ರೂಪಾಯಿ. ನಮ್ಮ ಮಹಡಿಗೆಲ್ಲ ಸೇರಿ ಇದ್ದದ್ದು ಒಂದೇ ಪ್ರತಿ, ನನ್ನ ಸರದಿ ಬರೋ ಹೊತ್ತಿಗೆ ಹೊದಿಕೆ ಕಿತ್ತುಹೋಗಿತ್ತು. ರಾತ್ರಿ ಶುರು ಮಾಡಿ ಬೆಳಿಗ್ಗೆ ಮುಗಿಸಿದೆ. ಡಿಕ್ಷನರಿ ಮುಟ್ಟಲಿಲ್ಲ. ಆ ಬೆಳಿಗ್ಗೆ ಮೆಸ್‌ನಲ್ಲಿ ಉಪ್ಪಿಟ್ಟು ತಿನ್ನುವಾಗ ಇದ್ದ ಹೆಮ್ಮೆ ನನಗೆ ಮುಂದೆ ಕ್ಯಾಂಪಸ್ ಸೆಲೆಕ್ಷನ್ ಆದಾಗಲೂ ಇರಲಿಲ್ಲ.

ಆ ಪುಸ್ತಕ ಮಹಾನ್ ಕೃತಿ ಅಂತ ನಾನು ಹೇಳ್ತಿಲ್ಲ. ಆದರೆ ಬರೆದವರಿಗೆ ತಾವು ಬರೀತಿರೋ ಜಾಗ ಗೊತ್ತಿತ್ತು. ಭಗತ್ ಸ್ವತಃ ದೆಹಲಿ ಐಐಟಿಯಲ್ಲಿ ಓದಿದವರು. ಅಲೋಕ್ ಅನ್ನೋ ಹುಡುಗನ ಮನೆ ನೆನಪಿದೆಯಾ? ಹಾಸಿಗೆ ಹಿಡಿದ ಅಪ್ಪ, ಟೀಚರ್ ಕೆಲಸದ ಸಂಬಳದಲ್ಲಿ ಸಂಸಾರ ಎಳೀತಿರೋ ಅಮ್ಮ, ಮದುವೆಗೆ ಬಂದ ಅಕ್ಕ. ಅವನು ಮಾರ್ಕ್ಸ್‌ಗೋಸ್ಕರ ಯಾಕೆ ಅಷ್ಟು ಒದ್ದಾಡ್ತಾನೆ ಅಂತ ಯಾರೂ ನಮಗೆ ವಿವರಿಸಬೇಕಾಗಿರಲಿಲ್ಲ.

ಹತ್ತು ವರ್ಷ ಆದಮೇಲೆ ಅದೇ ಲೇಖಕರು, ಇಂಗ್ಲಿಷ್ ಸರಿಯಾಗಿ ಬಾರದ ಬಿಹಾರದ ಹುಡುಗನೊಬ್ಬ ಇಂಗ್ಲಿಷ್‌ನಲ್ಲೇ ಬೆಳೆದ ದೆಹಲಿ ಹುಡುಗಿಯನ್ನ ಪ್ರೀತಿಸೋ ಕಥೆ ಬರೀತಾರೆ ಅಂದಾಗ ನಮಗೆ ಏನನ್ನಿಸಿರಬೇಕು ಯೋಚಿಸಿ. ನಮ್ಮ ಕಥೆ! ಪುಸ್ತಕದ ಅರ್ಪಣೆಯೂ ಗ್ರಾಮೀಣ ಭಾರತಕ್ಕೆ, ಇಂಗ್ಲಿಷ್ ಬಾರದವರಿಗೆ.

ಈ ವಿಷಯ ಎಷ್ಟು ದೊಡ್ಡದು ಅಂತ ಅನುಭವಿಸಿದವರಿಗೇ ಗೊತ್ತು. ಭಾಷೆ ಬಾರದಿದ್ರೆ ಕೆಲಸ ಸಿಗಲ್ಲ, ಇಂಟರ್‌ವ್ಯೂನಲ್ಲಿ ತೊದಲ್ತೀವಿ, ಇದೆಲ್ಲ ಸಣ್ಣದು. ಪ್ರೀತಿಯಲ್ಲಿ ಅದು ಬೇರೆ ಥರ ಚುಚ್ಚುತ್ತೆ. ಆರು ಜನ ಕೂತು ಮಾತಾಡ್ತಿರ್ತಾರೆ, ಅವಳೂ ಇರ್ತಾಳೆ. ಯಾರೋ ಜೋಕ್ ಹೇಳ್ತಾರೆ. ಎಲ್ಲರೂ ನಕ್ಕಮೇಲೆ ಒಂದು ಕ್ಷಣ ತಡವಾಗಿ ನೀವು ನಗ್ತೀರಿ, ಆ ಒಂದು ಕ್ಷಣವನ್ನ ಅವಳು ಗಮನಿಸಿದಳಾ ಅಂತ ನೋಡ್ತೀರಿ. ನಿಮ್ಮ ಹತ್ತಿರಾನೂ ಹೇಳೋಕೆ ಒಳ್ಳೇ ಮಾತು ಇರುತ್ತೆ. ಮನಸ್ಸಲ್ಲೇ ವಾಕ್ಯ ಕಟ್ಟಿ, ಕ್ರಿಯಾಪದ ಸರಿ ಮಾಡಿ, ಇನ್ನೇನು ಬಾಯಿ ತೆರೀಬೇಕು ಅನ್ನೋ ಹೊತ್ತಿಗೆ ಮಾತು ಬೇರೆ ಕಡೆ ಹೋಗಿರುತ್ತೆ. ಹೀಗಾಗಿ ನಿಮ್ಮನ್ನ ಎಲ್ಲರೂ 'ತುಂಬಾ ಸೈಲೆಂಟ್' ಅಂತಾರೆ. ಊರಿನಲ್ಲಿ ನಿಮ್ಮ ಬಾಯಿಗೆ ಹೆದರಿ ಅರಳಿಕಟ್ಟೆಯವರು ಜಾಗ ಖಾಲಿ ಮಾಡ್ತಿದ್ರು ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ಅವಳು ಇಷ್ಟಪಡೋ ಅಥವಾ ಪಡದೇ ಇರೋ ಆ ಮೌನಿ ನೀವಲ್ಲವೇ ಅಲ್ಲ. ನಿಮ್ಮನ್ನ ಅವಳು ಇನ್ನೂ ಭೇಟಿಯೇ ಆಗಿಲ್ಲ. 'ಹಾಫ್' ಅನ್ನೋ ಪದವನ್ನ ಕೇಳಿದಾಗ ನಾನು ಅಂದುಕೊಂಡಿದ್ದು ಇದನ್ನ. ಅರ್ಧ ಗೆಳತಿ ಅಂದ್ರೆ, ಅರ್ಧ ಮಾತ್ರ ಕಾಣಿಸೋ ಹುಡುಗನಿಗೆ ಸಿಗಬಹುದಾದಷ್ಟು ಗೆಳತಿ ಅಂತ.

ಪುಸ್ತಕದಲ್ಲಿ ಅದು ಇಲ್ಲ. ಓದದವರಿಗೆ ಚುಟುಕಾಗಿ ಹೇಳ್ತೀನಿ. ಡುಮ್‌ರಾಂವ್‌ನ ಹಳೇ ರಾಜಮನೆತನದ ಹುಡುಗ ಮಾಧವ್ ಝಾ ಬಾಸ್ಕೆಟ್‌ಬಾಲ್ ಆಟದ ಮೇಲೆ ದೆಹಲಿಯ ಸೇಂಟ್ ಸ್ಟೀಫನ್ಸ್ ಸೇರ್ತಾನೆ. ಶ್ರೀಮಂತರ ಮನೆ ಹುಡುಗಿ ರಿಯಾ ಅವನ ಗೆಳತಿಯಾಗ್ತಾಳೆ, ಪೂರ್ತಿ ಅಲ್ಲ, ಅರ್ಧ. ಅವನು ಹಾಸ್ಟೆಲ್ ರೂಮಿನಲ್ಲಿ ಅವಳ ಮೇಲೆ ಬಲವಂತ ಮಾಡೋಕೆ ಹೋಗ್ತಾನೆ. ಅವಳು ದೂರ ಆಗಿ ಲಂಡನ್ನಿನವನನ್ನ ಮದುವೆಯಾಗ್ತಾಳೆ. ಇವನು ಊರಿಗೆ ಮರಳಿ ಅಮ್ಮನ ಶಾಲೆ ನೋಡಿಕೊಳ್ತಾನೆ. ಅಲ್ಲಿಗೆ ಬಿಲ್ ಗೇಟ್ಸ್ ಬರ್ತಾರೆ. ವಿಚ್ಛೇದನ ಆಗಿರೋ ರಿಯಾ ಪಟ್ನಾದಲ್ಲಿ ಸಿಕ್ಕಿ, ಗೇಟ್ಸ್ ಎದುರು ಭಾಷಣ ಮಾಡೋಕೆ ಇವನಿಗೆ ಇಂಗ್ಲಿಷ್ ಕಲಿಸ್ತಾಳೆ. ಭಾಷಣ ಮುಗಿದ ಮೇಲೆ ತನಗೆ ಶ್ವಾಸಕೋಶದ ಕ್ಯಾನ್ಸರ್ ಅಂತ ಪತ್ರ ಇಟ್ಟು ಮಾಯ ಆಗ್ತಾಳೆ. ಕ್ಯಾನ್ಸರ್ ಸುಳ್ಳು. ಅವಳ ದಿನಚರಿ ಸಿಗುತ್ತೆ, ಅದರಲ್ಲಿ ಚಿಕ್ಕಂದಿನಲ್ಲಿ ಅಪ್ಪನಿಂದಲೇ ಅನುಭವಿಸಿದ ದೌರ್ಜನ್ಯ ಇರುತ್ತೆ. ಮಾಧವ್ ನ್ಯೂಯಾರ್ಕ್‌ಗೆ ಹೋಗಿ, ಹಾಡುಗಾರರಿರೋ ಬಾರ್‌ಗಳನ್ನೆಲ್ಲ ಅಲೆದು, ಹಿಮದಲ್ಲಿ ಓಡಿ, ಅವಳನ್ನ ಹುಡುಕ್ತಾನೆ. ಸುಖಾಂತ್ಯ. 2017ರಲ್ಲಿ ಮೋಹಿತ್ ಸೂರಿ ಇದನ್ನ ಸಿನಿಮಾನೂ ಮಾಡಿದ್ರು, ಪುಸ್ತಕ ಓದುವಾಗಲೇ ನಮಗೆ ಅದು ಕಾಣಿಸ್ತಿತ್ತು.

ಇಂಗ್ಲಿಷಿನ ಸಮಸ್ಯೆ ಎಲ್ಲಿ ಹೋಯ್ತು? ಮೊದಲ ಕೆಲವು ಅಧ್ಯಾಯಗಳಲ್ಲಿ ಇತ್ತು, ಆಮೇಲೆ ಟ್ಯೂಷನ್‌ನಲ್ಲಿ ಬಗೆಹರೀತು. ಮಾಧವ್ ತನ್ನ ಕಥೆ ತಾನೇ ಹೇಳ್ತಾನೆ. ಆದರೆ ಅವನ ನಿರೂಪಣೆಗೂ ಐಐಟಿಯ ಹರಿ ಹತ್ತು ವರ್ಷ ಹಿಂದೆ ಹೇಳಿದ ನಿರೂಪಣೆಗೂ ದನಿಯಲ್ಲಿ ವ್ಯತ್ಯಾಸವೇ ಇಲ್ಲ. ಭೋಜ್‌ಪುರಿಯಲ್ಲಿ ಕನಸು ಕಾಣೋ ಹುಡುಗನ ಇಂಗ್ಲಿಷ್ ಹೇಗಿರುತ್ತೆ, ಎಲ್ಲಿ ಮುಗ್ಗರಿಸುತ್ತೆ, ಎಲ್ಲಿ ಅದೇ ಕಾರಣಕ್ಕೆ ಹೊಸದಾಗಿ ಹೊಳೆಯುತ್ತೆ, ಇದನ್ನ ಕೇಳಿಸಿಕೊಳ್ಳೋ ಕಿವಿ ಆ ಪುಸ್ತಕಕ್ಕಿಲ್ಲ.

ಬರವಣಿಗೆ ಚೆನ್ನಾಗಿಲ್ಲದೇ ಇರೋದು ನೈತಿಕ ತಪ್ಪಾ? ಸುಮ್ಮನೆ ಸಾಮರ್ಥ್ಯದ ಕೊರತೆ ಇರಬಹುದಲ್ವಾ? ನಮ್ಮೂರಿನ ಭಜನೆ ಮಂಡಳಿಯಲ್ಲಿ ಒಬ್ಬ ದೊಡ್ಡಪ್ಪ ಇದ್ರು, ಶ್ರುತಿಗೂ ಅವರಿಗೂ ಸಂಬಂಧವೇ ಇರಲಿಲ್ಲ. ಅವರಿಂದ ಯಾರಿಗೂ ನಿರಾಸೆ ಆದದ್ದಿಲ್ಲ. ಅವರ ಕೈಲಿ ಆಗೋದನ್ನೆಲ್ಲ ಅವರು ಮಾಡ್ತಿದ್ರು, ಅದು ಎಲ್ಲರಿಗೂ ಕಾಣ್ತಿತ್ತು. ಕೈಲಾಗದೇ ಇರೋದು ಒಂದು, ಗಮನ ಕೊಡದೇ ಇರೋದು ಇನ್ನೊಂದು. ಲೇಖಕರ ಮನಸ್ಸಿನಲ್ಲಿ ಏನಿತ್ತು ಅಂತ ನನಗೇನು ಗೊತ್ತು? ಆದರೆ ಪುಸ್ತಕ ಎಲ್ಲೆಲ್ಲಿ ಅಡ್ಡದಾರಿ ಹಿಡೀತು ಅನ್ನೋದು ಹಾಳೆ ಮೇಲೇ ಇದೆ. ಈ ಕಾದಂಬರಿಯಲ್ಲಿ ಕ್ಯಾನ್ಸರ್ ಬರೋದು ಪಾತ್ರಕ್ಕೆ ಕಷ್ಟ ಬಂದಾಗ ಅಲ್ಲ, ಕಥೆಗೆ ಕಷ್ಟ ಬಂದಾಗ. ರಿಯಾ ಯಾಕೆ ಹತ್ತಿರ ಬಂದು ದೂರ ಹೋಗ್ತಾಳೆ? ಇದಕ್ಕೆ ಉತ್ತರ ಅವಳ ಸ್ವಭಾವದಲ್ಲಿ, ಅವಳ ಮಾತಿನಲ್ಲಿ ನಿಧಾನವಾಗಿ ತೆರೆದುಕೊಳ್ಳಬೇಕಿತ್ತು. ಅದು ಕಷ್ಟದ ಕೆಲಸ. ಅದರ ಬದಲು ಒಂದು ದಿನಚರಿ ಸಿಗುತ್ತೆ, ಅದರಲ್ಲಿ ಒಂದು ಮಗುವಿನ ಮೇಲೆ ನಡೆದ ಅತಿ ಕ್ರೂರ ವಿಷಯ ಬೀಗದ ಕೈ ಥರ ಇರುತ್ತೆ. ಬಾಗಿಲು ತೆರೀತು, ಕೈ ಅಲ್ಲೇ ಬಿಟ್ಟು ಕಥೆ ನ್ಯೂಯಾರ್ಕ್‌ಗೆ ಹೊರಟೇಹೋಯ್ತು. ನನಗೆ ಅತಿ ಹೆಚ್ಚು ಸಿಟ್ಟು ಬಂದದ್ದು ಇಲ್ಲಿ. ಅಂಥದ್ದು ನಿಜವಾಗಿ ಅನುಭವಿಸಿದ ಒಬ್ಬ ಓದುಗಳಾದರೂ ಈ ಪುಸ್ತಕ ಹಿಡಿದು ಕೂತಿದ್ದಿರಬಹುದು ಅಲ್ವಾ?

ಹಾಸ್ಟೆಲ್ ರೂಮಿನ ಘಟನೆಯೂ ಹೀಗೇ. ಬಲವಂತ ಮಾಡೋಕೆ ಹೋದವನು ಪ್ರೇಮಿಯಾಗಿಯೇ ಉಳೀತಾನೆ, ಪುಸ್ತಕಕ್ಕೆ ಅದು ಒಂದು ಮುನಿಸಿನ ಕಾರಣ ಅಷ್ಟೆ. ಪುಸ್ತಕ ಓದಿದ ನಮ್ಮ ಟೀಮಿನ ಒಬ್ಬಳು, ನಗರದಲ್ಲೇ ಹುಟ್ಟಿ ಬೆಳೆದವಳು, ಒಳ್ಳೇ ಸ್ನೇಹಿತೆ, ಅರ್ಧ ತಮಾಷೆಯಾಗಿ ಕೇಳಿದಳು: 'ಊರ ಕಡೆ ಹುಡುಗರು ಹೀಗೇ ಇರ್ತಾರಾ?' ನಾನು 'ಇಲ್ಲಮ್ಮ, ನಾವು ಬರೀ ಹೆದರ್ತೀವಿ' ಅಂದೆ. ಇಬ್ಬರೂ ನಕ್ವಿ. ಆದರೆ ಆ ಪ್ರಶ್ನೆ ಅವಳ ತಲೆಗೆ ಬಂದದ್ದು ನಮಗೇ ಅರ್ಪಿಸಿದ ಪುಸ್ತಕದಿಂದ ಅನ್ನೋದು ರಾತ್ರಿಯೆಲ್ಲ ಕೊರೀತು. ಅಂದಹಾಗೆ, ತಮ್ಮ ಮನೆತನವನ್ನ ಕೆಟ್ಟದಾಗಿ ತೋರಿಸಿದ್ದಾರೆ ಅಂತ ಡುಮ್‌ರಾಂವ್‌ನ ರಾಜಮನೆತನದವರು 1 ಕೋಟಿ ರೂಪಾಯಿಯ ಮಾನನಷ್ಟ ಮೊಕದ್ದಮೆ ಹೂಡಿದ್ರು. ರಾಜರಿಗೆ ಕೋರ್ಟು ಇದೆ. 'ಇಂಗ್ಲಿಷ್ ಬಾರದವರು' ಅನ್ನೋ ಮನೆತನದವರು ಎಲ್ಲಿಗೆ ಹೋಗೋದು?

ನಮ್ಮೂರಲ್ಲಿ ಹಾಲಿನ ಡೈರಿ ಇದೆ. ಹಾಲಿಗೆ ದುಡ್ಡು ಬರೋದು ಬರೀ ಅಳತೆಗಲ್ಲ, ಅದರಲ್ಲಿರೋ ಫ್ಯಾಟ್‌ಗೆ. ಬೆಳಿಗ್ಗೆ ಆರಕ್ಕೆ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತ ಅಜ್ಜಿಗೆ ಮೆಷಿನ್ ಏನು ಹೇಳ್ತು ಅಂತ ಗೊತ್ತಾಗಲ್ಲ, ಕೈಗೆ ಬಂದ ಚೀಟಿ ಓದೋಕೂ ಬರಲ್ಲ. ಅಕ್ಷರ ಬಲ್ಲವರ ಚೀಟಿಯಲ್ಲಿ ತಪ್ಪಾದರೆ ಅವರು ಅಲ್ಲೇ ಜಗಳ ತೆಗೀತಾರೆ, ಸರಿಹೋಗುತ್ತೆ. ಅಜ್ಜಿಯ ಚೀಟಿಯಲ್ಲಿ ತಪ್ಪಾದರೆ ಅದು ತಪ್ಪಾಗೇ ಉಳಿಯುತ್ತೆ. ಹಾಗಾಗಿ ಡೈರಿಯವನು ಎರಡು ಸಲ ನೋಡಬೇಕಾದ್ದು ಅಜ್ಜಿಯ ಹಾಲನ್ನ. ನನ್ನ ಕೆಲಸದಲ್ಲೂ ಇದೇ. ಕೋಡ್ ಓದಬಲ್ಲ ಕ್ಲೈಂಟ್ ಇದ್ದರೆ ಎಲ್ಲರೂ ಅಚ್ಚುಕಟ್ಟಾಗಿ ಬರೀತಾರೆ. ಓದಲು ಬಾರದವನಿಗೆ ಏನು ಕೊಡ್ತೀವಿ ಅನ್ನೋದರಲ್ಲಿ ಇಂಜಿನಿಯರ್ ಯಾರು ಅಂತ ಗೊತ್ತಾಗುತ್ತೆ. ಮೊದಲ ಸಲ ಇಂಗ್ಲಿಷ್ ಪುಸ್ತಕ ಹಿಡಿದ ಹಳ್ಳಿ ಹುಡುಗ ಇದೇ ಸಾಲಿನಲ್ಲಿ ನಿಂತಿರ್ತಾನೆ. ಹೋಲಿಸಿ ನೋಡೋಕೆ ಅವನ ಹತ್ತಿರ ಇನ್ನೊಂದು ಪುಸ್ತಕ ಇಲ್ಲ. ಇದು ಅರ್ಥ ಆಗಲಿಲ್ಲ, ಹಿಡಿಸಲಿಲ್ಲ ಅಂದ್ರೆ ಅವನು ಪುಸ್ತಕವನ್ನ ದೂರಲ್ಲ, 'ನನಗೇ ಇಂಗ್ಲಿಷ್ ಪ್ರೀತಿ ಅರ್ಥ ಆಗ್ತಿಲ್ಲ' ಅಂದುಕೊಳ್ತಾನೆ.

ನನ್ನ ರೂಮ್‌ಮೇಟ್ ಇದನ್ನೆಲ್ಲ ಒಪ್ಪಲಿಲ್ಲ. 'ಇಂಗ್ಲಿಷ್ ಓದೋಕೆ ಧೈರ್ಯ ಕೊಟ್ಟವರೇ ಅವರು. ಈಗ ನಾಲ್ಕು ಪುಸ್ತಕ ಜಾಸ್ತಿ ಓದಿದೀನಿ ಅಂತ ಉಂಡ ಮನೆಯ ಜಂತೆ ಎಣಿಸ್ತೀಯಾ?' ಅಂದ. ಗಟ್ಟಿ ಮಾತು. ಎರಡು ದಿನ ಉತ್ತರ ಸಿಗಲಿಲ್ಲ. ಉಪಕಾರ ಮಾಡಿದವರ ತಪ್ಪು ಹೇಳೋದು ಕೃತಘ್ನತೆಯಾ? ನಮ್ಮ ಕಡೆ ಗಾದೆ ಹೌದು ಅನ್ನುತ್ತೆ. ಆದರೆ ಗಾದೆ ಹೇಳೋದು ಊಟ ಹಾಕಿದ ಮನೆಯ ಬಡತನ ಆಡಿಕೊಳ್ಳಬಾರದು ಅಂತ. ಜಂತೆ ಕಡಿಮೆ ಇರೋದು ಆ ಮನೆಯವರ ಕಷ್ಟ, ಅದು ಅತಿಥಿಗೆ ಸಂಬಂಧಿಸಿದ್ದಲ್ಲ. ಅದೇ ಮನೆಯವರು, ಕೈಯಲ್ಲಿ ಎಲ್ಲ ಇದ್ದಾಗ, 'ಬಾ, ನಿನಗೋಸ್ಕರವೇ ಮಾಡಿದ್ದು' ಅಂತ ಹೆಸರು ಹಿಡಿದು ಕರೆದು ಅರೆಬೆಂದ ಅನ್ನ ಬಡಿಸಿದರೆ? 'ಇವನಿಗೆ ಇಷ್ಟು ಸಾಕು' ಅನ್ನೋ ಲೆಕ್ಕ ಅದರಲ್ಲಿ ಇದೆಯಾ ಅಂತ ಅತಿಥಿ ಕೇಳಬಾರದಾ? ಮೊದಲ ಊಟದ ಋಣ ನನಗೆ ಇವತ್ತೂ ಇದೆ, ಯಾರ ಎದುರೂ ಹೇಳ್ತೀನಿ. ಆ ಊಟದಿಂದಲೇ ರುಚಿ ಗೊತ್ತಾದದ್ದು.

ಇನ್ನೊಂದು ವಾದ, ಬದಲಾದದ್ದು ಲೇಖಕರಲ್ಲ, ನಾವು ಅನ್ನೋದು. ಹದಿನೆಂಟರಲ್ಲಿ ಓದಿದ್ದು ಇಪ್ಪತ್ತೆಂಟರಲ್ಲಿ ಹಿಡಿಸಲ್ಲ. ಸ್ವಲ್ಪ ನಿಜ. ಪರೀಕ್ಷೆ ಮಾಡೋಕೆ 'ಫೈವ್ ಪಾಯಿಂಟ್ ಸಮ್‌ಒನ್' ಮತ್ತೆ ಓದಿದೆ. ಜೋಕುಗಳು ಹಳಸಿದ್ವು, ಪ್ರೇಮಕಥೆ ತೆಳು ಅನ್ನಿಸ್ತು. ಆದರೆ ಅಲೋಕ್‌ನ ಮನೆಗೆ ಹೋದಾಗ ಗಂಟಲು ಹಾಗೇ ಹಿಡೀತು. ನಾವು ಬೆಳೆದದ್ದೊಂದೇ ಕಾರಣ ಆಗಿದ್ರೆ ಅದೂ ಬಿದ್ದುಹೋಗಬೇಕಿತ್ತು.

'ಸರಳ ಜನಕ್ಕೆ ಸರಳವಾಗಿ ಬರೀತಾರೆ, ಟೈಂಪಾಸ್‌ಗೆ ಇಷ್ಟೆಲ್ಲ ಯಾಕೆ' ಅನ್ನೋರಿಗೆ ನಮ್ಮಮ್ಮನನ್ನ ಪರಿಚಯ ಮಾಡಿಸಬೇಕು. ಅಮ್ಮ ಓದಿದ್ದು ಏಳನೇ ಕ್ಲಾಸು. ಪಂಚಾಯಿತಿ ಲೈಬ್ರರಿಯಿಂದ ನಾನು ತಂದುಕೊಡ್ತಿದ್ದ ಕಾದಂಬರಿಗಳನ್ನ, ಒಲೆ ಮುಂದೆ ಕೂತು, ಮಸಿ ಬೆರಳಿನಲ್ಲೇ ಹಾಳೆ ತಿರುವಿ ಓದ್ತಿದ್ಲು. ಅವಳದ್ದು ಒಂದೇ ಕಟ್ಟುನಿಟ್ಟು. ಪಾತ್ರ ತಪ್ಪಿದ್ರೆ 'ಇವ್ಳು ಹಂಗೆ ಮಾಡೋಳಲ್ಲ ಕಣೋ' ಅಂತ ಪುಸ್ತಕ ಮುಚ್ಚಿಡೋಳು. ಕಥೆ ಅತಿಯಾದ್ರೂ, ಅಳಿಸಿದ್ರೂ ಅವಳಿಗೆ ಅಡ್ಡಿಯಿಲ್ಲ. ಸುಳ್ಳು ಮಾತ್ರ ಹೇಳಬಾರದು. ಅವಳಿಗೆ ತ್ರಿವೇಣಿ ಅಂದ್ರೆ ಪ್ರಾಣ. 1963ರಲ್ಲಿ, ಇನ್ನೂ ಮೂವತ್ತೈದೂ ತುಂಬದೇ ತೀರಿಕೊಂಡ ತ್ರಿವೇಣಿಯವರಿಗಿಂತ ಜನಪ್ರಿಯರು ಬೇಕಾ? ಅವರ ಕನ್ನಡಕ್ಕಿಂತ ಸರಳ ಕನ್ನಡ ಬೇಕಾ? 1967ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದ 'ಬೆಳ್ಳಿ ಮೋಡ'ವನ್ನೇ ನೋಡಿ. ಎಸ್ಟೇಟಿನ ಒಬ್ಬಳೇ ಮಗಳು ಇಂದಿರಾ. ಅವಳಿಗೊಬ್ಬ ತಮ್ಮ ಹುಟ್ಟಿ ಆಸ್ತಿ ಕೈತಪ್ಪಿದ್ದೇ, ಮದುವೆಯಾಗಬೇಕಿದ್ದ ಮೋಹನ್ ಹಿಂದೆ ಸರೀತಾನೆ. ಮುಂದೆ ಅವನು ಪೆಟ್ಟಾಗಿ ಮಲಗಿದಾಗ ಇಂದಿರಾ ಆರೈಕೆ ಮಾಡ್ತಾಳೆ. ಅವನ ಮನಸ್ಸು ಕರಗುತ್ತೆ, ಮದುವೆಯಾಗು ಅಂತಾನೆ. ಅವಳು ಒಲ್ಲೆ ಅಂತಾಳೆ. ಇಲ್ಲೂ ಪ್ರೀತಿ ಇದೆ, ಇಲ್ಲೂ ಕಾಯಿಲೆ ಬಿದ್ದವರಿದ್ದಾರೆ. ಆದರೆ ಹಾಸಿಗೆ ಹಿಡಿದದ್ದರಿಂದ ಮೋಹನ್‌ನ ಲೆಕ್ಕ ಚುಕ್ತಾ ಆಗಲ್ಲ. 'ಒಪ್ಕೊಂಡಿದ್ರೆ ಪುಸ್ತಕ ಒಲೆಗೆ ಹಾಕ್ತಿದ್ದೆ' ಅಂತಿದ್ಲು ಅಮ್ಮ. ಲೈಬ್ರರಿ ಪುಸ್ತಕ ಅಂತ ನಾನು ಗಾಬರಿಯಾಗ್ತಿದ್ದೆ.

ಏಳನೇ ಕ್ಲಾಸಿನ ಓದುಗಳು ಇಷ್ಟು ಖಡಕ್ಕಾಗಿರಬಲ್ಲಳು ಅನ್ನೋದು ಮರೆತಾಗಲೇ 'ಅವರಿಗೆ ಇದೇ ಸಾಕು' ಅನ್ನೋ ಪುಸ್ತಕ ಹುಟ್ಟೋದು ಅನ್ಸುತ್ತೆ. ಚಿಕ್ಕ ವಾಕ್ಯ, ಪರಿಚಿತ ಪದ ಇವೆಲ್ಲ ಓದುಗನ ಕಡೆ ಲೇಖಕ ಚಾಚಿದ ಕೈ. ಒಪ್ಪಿದೆ, ಋಣಿ. ಆ ಕೈಯಲ್ಲಿ ಏನಿತ್ತು ಅಂತ ಕೇಳೋದಕ್ಕೂ ಎಂ.ಎ. ಇಂಗ್ಲಿಷ್ ಬೇಕಾಗಿಲ್ಲ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಪ್ಪನ ಮಗಳು, ಡಿಗ್ರಿ ಎರಡನೇ ವರ್ಷ, 'ಅಣ್ಣ, ಇಂಗ್ಲಿಷಲ್ಲಿ ಒಂದು ಲವ್ ಸ್ಟೋರಿ ಕೊಡು, ಸುಲಭವಾಗಿರಬೇಕು' ಅಂದ್ಲು. ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ಅವರ 'ದಿ ಇಂಗ್ಲಿಷ್ ಟೀಚರ್' ಕೊಟ್ಟೆ. 1945ರ ಪುಸ್ತಕ. ಹೆಂಡತಿ ರಾಜಂ 1939ರಲ್ಲಿ ಟೈಫಾಯ್ಡ್‌ನಿಂದ ತೀರಿಹೋದ ಮೇಲೆ ಅವರು ಬರೆದದ್ದು. ಇಂಗ್ಲಿಷ್ ಎಷ್ಟು ತಿಳಿ ಅಂದ್ರೆ ಅವಳಿಗೆ ಡಿಕ್ಷನರಿ ಬೇಕಾಗಲ್ಲ ಅಂತ ಧೈರ್ಯ ಇತ್ತು. ಅದರಲ್ಲಿ ಗಂಡ ಹೆಂಡತಿ ಖುಷಿಯಾಗಿ ಒಂದು ಹೊಸ ಮನೆ ನೋಡೋಕೆ ಹೋಗ್ತಾರೆ. ಕಾಯಿಲೆ ಅಲ್ಲಿಂದಲೇ ಹಿಂಬಾಲಿಸುತ್ತೆ.

ಹೋದ ವಾರ ಫೋನ್ ಮಾಡಿ ಓದಿ ಮುಗಿಸಿದ್ಯಾ ಅಂತ ಕೇಳಿದೆ.

'ಅರ್ಧ ಆಗಿದೆ ಅಣ್ಣ. ಸುಶೀಲಾಗೆ ಜ್ವರ ಬಂದಿದೆ. ಮೂರು ದಿನದಿಂದ ಪುಸ್ತಕ ಮುಟ್ಟಿಲ್ಲ, ಮುಂದಕ್ಕೆ ಓದೋಕೆ ಭಯ ಆಗ್ತಿದೆ. ಆ ಮನೆ ನೋಡೋಕೆ ಯಾಕಾದ್ರೂ ಹೋದ್ರೋ!'